ಸಾಲಿನಲ್ಲಿ ಸಿಕ್ಕಿಕೊಂಡ ಕರೆಯೋಲೆ

ನಮ್ಮ ಬಳಗದಲ್ಲಿ ಯಾರ ಮನೆಯ ಪ್ರಿಂಟರ್ ಮೊಂಡು ಹಿಡಿದರೂ ಫೋನು ಬರುವುದು ನನಗೇ. ನಾನು ಪ್ರಿಂಟರ್ ರಿಪೇರಿಯವನಲ್ಲ. ಜೇವರ್ಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಪ್ರಶ್ನೆಪತ್ರಿಕೆಯನ್ನು ಮನೆಯಲ್ಲೇ ಟೈಪ್ ಮಾಡಿ ಮನೆಯಲ್ಲೇ ತೆಗೆಯಬೇಕೆಂಬ ಹಟಕ್ಕೆ ಬಿದ್ದು ಒಂದು ಪ್ರಿಂಟರ್ ತಂದೆ. ಅದರ ಜೊತೆ ಜಗಳಾಡುತ್ತ ಆಡುತ್ತ ಅದರ ಗುಣ ತಿಳಿದುಕೊಂಡೆ, ಅಷ್ಟೆ. ಒಬ್ಬರ ಮನೆಯದನ್ನು ಸರಿಮಾಡಿಕೊಟ್ಟದ್ದೇ ತಪ್ಪಾಯಿತು. ಈಗ ಬೀಗರು, ಬೀಗರ ಬೀಗರು, ಹಿಂದಿನ ಓಣಿಯ ವಕೀಲರು, ಎಲ್ಲರೂ ಸರಿಯಾಗಿ ನಾನು ಊಟಕ್ಕೆ ಕೂತ ಹೊತ್ತಿಗೆ ಫೋನ್ ಮಾಡಿ ಕೆಂಪು ದೀಪ ಹತ್ತಿದ ಸುದ್ದಿ ಹೇಳುತ್ತಾರೆ.

ನಾನು ಮೊದಲು ಕೇಳುವ ಮಾತು ಒಂದೇ. ಎಷ್ಟು ಸಲ ಒತ್ತಿದಿರಿ? ಒಂದೇ ಸಲ ಎಂದು ಎಲ್ಲರೂ ಸುಳ್ಳು ಹೇಳುತ್ತಾರೆ. ಕಾಗದ ಹೊರಗೆ ಬರಲಿಲ್ಲವೆಂದರೆ ಮನುಷ್ಯನಾದವನು ಸುಮ್ಮನಿರುವುದಿಲ್ಲ. ಮತ್ತೊಮ್ಮೆ ಒತ್ತುತ್ತಾನೆ, ಸಿಟ್ಟು ಬಂದು ಮಗದೊಮ್ಮೆ ಒತ್ತುತ್ತಾನೆ. ಒತ್ತಿದ್ದು ಎಲ್ಲಿಗೂ ಹೋಗಿರುವುದಿಲ್ಲ. ಎಲ್ಲವೂ ಒಳಗೆ ಸಾಲುಗಟ್ಟಿ ನಿಂತಿರುತ್ತವೆ. ಅಡ್ಡಿ ತೆಗೆದ ಕೂಡಲೇ ಒಂದರ ಹಿಂದೊಂದು ಬಂದು ಬೀಳುತ್ತವೆ, ಅಷ್ಟರಲ್ಲಿ ಅವು ಬೇಕಾಗಿರಲಿ ಬೇಡವಾಗಿರಲಿ. ಊರಿಗೆಲ್ಲ ಈ ಬುದ್ಧಿ ಹೇಳುವ ನಾನೇ ಒಂದು ದಿನ ಮತ್ತೆ ಮತ್ತೆ ಒತ್ತಿದೆ. ಅದರಿಂದಾಗಿ ನನ್ನ ಮಗಳಿಗೆ ಹೆಸರಿಡುವ ದಿನ ನನ್ನ ಅಕ್ಕ ಬರಲಿಲ್ಲ. 

ಅಕ್ಕನನ್ನು ಆಳಂದಕ್ಕೆ ಕೊಟ್ಟಿದೆ. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ಅವಳಿಗೆ ತವರು ಎಂದರೆ ಜೇವರ್ಗಿಯ ನನ್ನ ಮನೆಯೇ. ಅವಳು ಓಣಿಯ ಕೆಲವು ಹೆಂಗಸರನ್ನು ಕೂಡಿಸಿಕೊಂಡು ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುತ್ತಾಳೆ. ಅವಳ ಗಂಡ, ನಾನು ಮಾಮಾ ಎಂದು ಕರೆಯುವವರು, ಅವನ್ನು ಕಲಬುರಗಿಯ ಅಂಗಡಿಗಳಿಗೆ ಮುಟ್ಟಿಸುತ್ತಾರೆ. ಬರೀ ರೊಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಟ್ಟರೆ ಈಗ ಯಾರೂ ತೆಗೆದುಕೊಳ್ಳುವುದಿಲ್ಲ. ಅದರ ಮೇಲೊಂದು ಚೀಟಿ ಬೇಕು. ಆ ಚೀಟಿಗಳನ್ನು ತೆಗೆಯಲೆಂದೇ ಅವರ ಮನೆಗೆ ಕಂಪ್ಯೂಟರೂ ಪ್ರಿಂಟರೂ ಬಂದವು. ಹಿಂದೆ ಅಂಟು ಇರುವ ಹಾಳೆ, ಅದರಲ್ಲಿ ಮೊದಲೇ ಕತ್ತರಿಸಿಟ್ಟ ಚೌಕಗಳು. ಪ್ರಿಂಟರಿಗೆ ಇಂಥ ಹಾಳೆಯೆಂದರೆ ಆಗಿಬರುವುದಿಲ್ಲ. ಒಂದು ಚೀಟಿ ಕಿತ್ತು ಒಳಗಿನ ರೋಲರಿಗೆ ಅಂಟಿತೆಂದರೆ ಆ ದಿನದ ಕೆಲಸ ಹಾಳು.

ಮಾಮಾ ಕೆಟ್ಟವರಲ್ಲ. ಆದರೆ ಮಾನದ ವಿಷಯಕ್ಕೆ ಬಂದರೆ ಬಹಳ ಬಿಗಿ. ಅಫಜಲಪುರದಲ್ಲಿ ನನ್ನ ಮದುವೆಯಾದಾಗ, ಅಕ್ಷತೆ ಬಿದ್ದ ಮೇಲೆ ಹೆಣ್ಣಿನವರು ನಮ್ಮ ಕಡೆಯವರಿಗೆಲ್ಲ ಶಾಲು ಹೊದಿಸಿ ಆಯೇರಿ, ಎಂದರೆ ಉಡುಗೊರೆಯ ಮರ್ಯಾದೆ, ಮಾಡುತ್ತಿದ್ದರು. ನಮ್ಮ ಮನೆಯ ಹಿರಿ ಅಳಿಯನೆಂದು ಮೊದಲ ಶಾಲು ಮಾಮಾನಿಗೆ ಬರಬೇಕಿತ್ತು. ಅವರು ಆ ಹೊತ್ತಿಗೆ ಪಂಕ್ತಿಯಲ್ಲಿ ನೀರು ಸಾಲದೆಂದು ಟ್ಯಾಂಕರಿನವನ ಹಿಂದೆ ಓಡಾಡುತ್ತಿದ್ದರು. ನಮ್ಮದೇ ಕೆಲಸಕ್ಕೆ. ಬರುವಷ್ಟರಲ್ಲಿ ಯಾರ ಯಾರಿಗೋ ಹೊದಿಸಿಯಾಗಿತ್ತು. ಮತ್ತೊಬ್ಬರಿಗೆಂದು ತೆಗೆದಿಟ್ಟ ಶಾಲನ್ನು ತಂದು ಇವರ ಹೆಗಲಿಗೆ ಹಾಕಿದರು. ಮಾಮಾ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಜೀಪು ಹತ್ತಿದರು. ಆಮೇಲೆ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಕ್ಕನಿಗೆ ಹೋಗಬೇಡವೆಂದು ಅವರು ಹೇಳಿದವರಲ್ಲ. ಅವರನ್ನು ಬಿಟ್ಟು ಒಬ್ಬಳೇ ತವರಿಗೆ ಬರಲು ಅವಳಿಗೇ ಮನಸ್ಸು ಒಪ್ಪಲಿಲ್ಲ.

ಹೀಗೆ ಎರಡೂ ಮನೆಗಳ ನಡುವೆ ಮಾತು ನಿಂತುಹೋದಾಗ ಉಳಿದದ್ದು ಪ್ರಿಂಟರ್ ಒಂದೇ. ಅದರ ವಿಷಯಕ್ಕೆ ಫೋನ್ ಮಾಡಿದರೆ ಮಾಮಾನ ತಕರಾರು ಇರಲಿಲ್ಲ. ಚೀಟಿ ಬರದಿದ್ದರೆ ಮಾಲು ಹೋಗುವಂತಿಲ್ಲವಲ್ಲ. ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು; ಮಾಮಾ ಹಿಂದೆ ನಿಂತು, ನನ್ನ ಜೊತೆಗಲ್ಲ, ಅವಳ ಜೊತೆ ಮಾತಾಡುತ್ತಿದ್ದರು. ಯಾಕೆ ಹಾಗೆ ಗುರುಗುಟ್ಟುತ್ತಿದೆ ಕೇಳು, ದೀಪ ಯಾಕೆ ಮಿಣಮಿಣ ಅನ್ನುತ್ತಿದೆ ಕೇಳು. ಅವಳು ಅದನ್ನೇ ನನಗೆ ಮತ್ತೊಮ್ಮೆ ಹೇಳುವಳು. ನಾನು ಅವಳಿಗೆ ಉತ್ತರ ಕೊಡುತ್ತಿದ್ದೆ, ಮಾಮಾನಿಗೆ ಕೇಳುವಂತೆ ತುಸು ಗಟ್ಟಿಯಾಗಿ.

ಒಂದು ಪ್ರಿಂಟ್ ಸಿಕ್ಕಿಬಿದ್ದರೆ ಹಿಂದಿನವೆಲ್ಲ ಯಾಕೆ ನಿಲ್ಲುತ್ತವೆಂದು ಅವಳಿಗೆ ತಿಳಿಹೇಳಲು ಕಷ್ಟವಾಗಲಿಲ್ಲ. ಗಿರಣಿಯಲ್ಲಿ ಜೋಳದ ಡಬ್ಬಿಗಳನ್ನು ಸಾಲಿಗಿಟ್ಟ ಹಾಗೆ ಎಂದೆ. ಮುಂದಿನ ಡಬ್ಬಿ ಬೀಸಿ ಮುಗಿಯದೆ ಹಿಂದಿನದಕ್ಕೆ ಪಾಳಿಯಿಲ್ಲ. ಮುಂದಿನದು ಕದಲದೇ ಹೋದರೆ ಮೊದಲು ಗಿರಣಿ ನಿಲ್ಲಿಸಬೇಕು, ಆಮೇಲೆ ಸಾಲಿನ ಡಬ್ಬಿಗಳನ್ನೆಲ್ಲ ತೆಗೆದು ಹೊರಗಿಡಬೇಕು, ಆಮೇಲೆ ಗಿರಣಿ ಶುರುಮಾಡಬೇಕು. ಕಂಪ್ಯೂಟರಿನಲ್ಲಿ ಆ ಗಿರಣಿಯ ಹೆಸರು ಪ್ರಿಂಟ್ ಸ್ಪೂಲರ್. ಅದನ್ನು ನಿಲ್ಲಿಸುವುದು ಎಲ್ಲಿ, ಸಾಲಿನ ಫೋಲ್ಡರ್ ಇರುವುದು ಎಲ್ಲಿ, ಅದರೊಳಗಿನದನ್ನು ಅಳಿಸುವುದು ಹೇಗೆ, ಎಲ್ಲವನ್ನೂ ಅವಳು ಎರಡೇ ಪಾಠಕ್ಕೆ ಕಲಿತಳು. ನಡುವಿನ ಅಳಿಸುವ ಕೆಲಸ ಬಿಟ್ಟು ಬರೀ ನಿಲ್ಲಿಸಿ ಶುರುಮಾಡಿದರೆ ಹಳೆಯವೆಲ್ಲ ಮತ್ತೆ ಎದ್ದು ಬರುತ್ತವೆ ಎಂದು ಒತ್ತಿ ಒತ್ತಿ ಹೇಳಿದ್ದೆ. ರೋಲರಿಗೆ ಅಂಟಿದ ಚೀಟಿಯನ್ನು ಮಾತ್ರ ಹಿಂದಿನ ಮುಚ್ಚಳ ತೆಗೆದು ಕೈಯಿಂದಲೇ ಬಿಡಿಸಬೇಕು. ಅದಕ್ಕೆ ಜೇವರ್ಗಿಯಲ್ಲಿ ಕೂತು ನಾನೇನೂ ಮಾಡುವಂತಿರಲಿಲ್ಲ.

ನಾನು ಹೇಳುವ ಮದ್ದುಗಳಲ್ಲಿ ಅವಳಿಗೆ ಬಹಳ ಇಷ್ಟವಾದದ್ದು ಕಂಪ್ಯೂಟರನ್ನು ಬಂದ್ ಮಾಡಿ ಚಾಲೂ ಮಾಡುವುದು. ಅವರದು ಹಳೆಯ ಯಂತ್ರ, ಏಳುವುದಕ್ಕೆ ಪುರುಸೊತ್ತು ಬೇಕು. ಪರದೆಯ ಮೇಲೆ ಚಕ್ರ ತಿರುಗುವುದನ್ನು ನೋಡಿ ನೋಡಿ ಬೇಸತ್ತು ಮಾಮಾ ಅಂಗಳಕ್ಕೆ ಹೋಗುತ್ತಿದ್ದರು. ಆಗ ಅಕ್ಕ ಸ್ಪೀಕರ್ ತೆಗೆದು ದನಿ ಇಳಿಸುವಳು.

‘ಹೋದ್ರು. ಉಂಡಿ ಏನು?’

ಉಂಡದ್ದು, ಮಲಗಿದ್ದು, ನನ್ನ ಹೆಂಡತಿಗೆ ದಿನ ತುಂಬುತ್ತಿದ್ದದ್ದು, ಹಿತ್ತಲಿನ ಅವ್ವನ ಕರಿಬೇವಿನ ಗಿಡ ಚಿಗುರಿದ್ದು, ಎಲ್ಲವನ್ನೂ ಆ ಚಕ್ರ ತಿರುಗುವಷ್ಟು ಹೊತ್ತಿನಲ್ಲೇ ಮಾತಾಡಿ ಮುಗಿಸಬೇಕಿತ್ತು. ಕೆಲವು ಸಲ ಅಗತ್ಯವಿಲ್ಲದಿದ್ದರೂ ಬಂದ್ ಮಾಡಿ ಚಾಲೂ ಮಾಡೆಂದು ನಾನೇ ಹೇಳುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು ಎಂದುಕೊಂಡಿದ್ದೇನೆ. ಆ ದಿನಗಳಲ್ಲಿ ಅದನ್ನು ದೊಡ್ಡ ಸುಖವೆಂದು ನಾನು ತಿಳಿದಿರಲಿಲ್ಲ. ಉಣ್ಣುವ ಹೊತ್ತಿಗೆ ಫೋನು ಬಂದರೆ ಗೊಣಗುತ್ತಲೇ ಏಳುತ್ತಿದ್ದೆ.

ಗೊಣಗಾಟ ಹೆಚ್ಚಾಗಿ ಒಂದು ಉಪಾಯ ಮಾಡಿದೆ. ಜೇವರ್ಗಿಯಲ್ಲಿ ಕೂತೇ ಆಳಂದದ ಕಂಪ್ಯೂಟರನ್ನು ತೆರೆದು ನೋಡುವ ತಂತ್ರಾಂಶವನ್ನು ನನ್ನಲ್ಲಿ ಹಾಕಿಕೊಂಡು, ಫೋನಿನಲ್ಲೇ ಹೇಳಿ ಅವಳ ಕಡೆಯೂ ಹಾಕಿಸಿದೆ. ಅವಳ ಪರದೆ ನನ್ನ ಪರದೆಯ ಮೇಲೆ ಕಾಣುತ್ತಿತ್ತು. ಇಲ್ಲಿ ನಾನು ಮೌಸ್ ಆಡಿಸಿದರೆ ಅಲ್ಲಿ ಬಾಣ ಓಡಾಡುತ್ತಿತ್ತು. ಇಲ್ಲಿಂದ ಒತ್ತಿದರೆ ಅವಳ ಪ್ರಿಂಟರಿನಲ್ಲಿ ಕಾಗದ ಬರುತ್ತಿತ್ತು. ಮೊದಲ ದಿನ ಹಾಗೆ ಬಂದಾಗ ರೊಟ್ಟಿ ಬಡಿಯುವ ಹೆಂಗಸರೆಲ್ಲ ಎದ್ದು ಬಂದು ನೋಡಿದರಂತೆ. ನನಗೂ ಎದೆ ಉಬ್ಬಿತು. ಮಾಸ್ತರನಾದವನಿಗೆ ಹೊಗಳಿದರೆ ಸಾಕು, ಬುದ್ಧಿ ನೆಟ್ಟಗಿರುವುದಿಲ್ಲ.

ಅದೇ ಚಳಿಗಾಲದಲ್ಲಿ ಮಗಳು ಹುಟ್ಟಿದಳು. ಹೆಂಡತಿ ಬಾಣಂತನಕ್ಕೆ ಅಫಜಲಪುರದ ತವರಿನಲ್ಲಿದ್ದಳು. ಅವಳ ತಂದೆ ಎಳ್ಳಮಾವಾಸ್ಯೆ ಮುಗಿದ ಮೇಲಿನ ಒಂದು ದಿನ ನೋಡಿ ಹೆಸರಿಡುವ ತೊಟ್ಟಿಲ ಕಾರ್ಯ ಗೊತ್ತುಮಾಡಿದರು. ನಮ್ಮಲ್ಲಿ ಕೂಸಿಗೆ ಹೆಸರು ಕರೆಯುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ಅವಳೇ ಕೂಸಿನ ತಲೆ, ಕಿವಿ ಮುಚ್ಚುವ ಕುಂಚಿಗಿ ಹೊಲಿದು ತರುತ್ತಾಳೆ. ಅವಳೇ ತೊಟ್ಟಿಲಿನ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ. ಹಾಗೆ ಹೇಳುತ್ತಿರುವಾಗಲೇ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಅದು ಅವಳ ಮರ್ಯಾದೆ. ಎಷ್ಟು ಜೋರಾಗಿ ಗುದ್ದಿಸಿಕೊಂಡಳೋ ಅಷ್ಟು ಹೆಮ್ಮೆ. ನಾನು ಚಿಕ್ಕವನಿದ್ದಾಗ ಅಕ್ಕ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಓಣಿ ತಿರುಗುತ್ತ, ನಿನ್ನ ಮಕ್ಕಳಿಗೆ ಹೆಸರಿಡುವಾಗ ನನ್ನ ಬೆನ್ನು ಮುರಿಯುತ್ತದೋ ಏನೋ ಎಂದು ನಗುತ್ತಿದ್ದಳು.

ಇಂಥವಳನ್ನು ಕರೆಯುವ ರೀತಿಯೇ ಬೇರೆ. ಕರೆಯೋಲೆ ಕೊಟ್ಟರೆ ಸಾಲದು, ಫೋನ್ ಅಂತೂ ಲೆಕ್ಕಕ್ಕಿಲ್ಲ. ಮನೆಮಗಳನ್ನು ಕರೆಯಬೇಕೆಂದರೆ ಮನೆಯಿಂದ ಜನ ಹೋಗಬೇಕು, ಭರಣಿಯಲ್ಲಿ ಕುಂಕುಮ ಒಯ್ಯಬೇಕು, ಅವಳ ಹಣೆಗೆ ಹಚ್ಚಿ, ಅಳಿಯನ ಕೈಗೆ ಅಕ್ಷತೆ ಕೊಟ್ಟು ಬರ್ರಿ ಎನ್ನಬೇಕು. ಬಾಣಂತಿ ಹೆಂಡತಿ ಬರುವಂತಿರಲಿಲ್ಲ. ನನ್ನ ಕಾಕಿಯನ್ನು, ಎಂದರೆ ಚಿಕ್ಕಪ್ಪನ ಹೆಂಡತಿಯನ್ನು ಕರೆದುಕೊಂಡು ನಾನು ಆಳಂದಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಕಾಕಿ ಕುಂಕುಮದ ಭರಣಿ ತೊಳೆದು ಒಣಗಿಸಿಟ್ಟಿದ್ದಳು. ಯಾವಾಗ ಹೊರಡುವುದೆಂದು ದಿನಾಲೂ ಕೇಳುತ್ತಿದ್ದಳು. ಶಾಲೆಯಲ್ಲಿ ಸ್ನೇಹ ಸಮ್ಮೇಳನದ ಗದ್ದಲ, ಮಕ್ಕಳ ನಾಟಕ ನನ್ನ ತಲೆಗೆ ಬಿದ್ದಿತ್ತು. ಭಾನುವಾರ ಹೋಗೋಣ ಎಂದು ಹೇಳುತ್ತಿದ್ದೆ.

ಈ ನಡುವೆ ಒಂದು ಸಂಜೆ ಕೂತು ತೊಟ್ಟಿಲಿನ ಕರೆಯೋಲೆ ಮಾಡಿದೆ. ಮೇಲೆ ತೊಟ್ಟಿಲಿನ ಚಿತ್ರ, ಕೆಳಗೆ ದಿನ, ಹೊತ್ತು, ಅಫಜಲಪುರದ ವಿಳಾಸ. ಬಹಳ ಚೆಂದ ಬಂದಿದೆ ಎನ್ನಿಸಿತು. ಮೊದಲ ಪ್ರತಿ ಯಾರಿಗೆ ಎಂದು ಯೋಚಿಸಿದಾಗ ಅಕ್ಕನ ಮುಖ ಕಣ್ಣಮುಂದೆ ಬಂತು. ಅವಳ ಪ್ರಿಂಟರಿನಲ್ಲಿ, ರೊಟ್ಟಿ ಚೀಟಿಗಳ ನಡುವೆ, ಇದ್ದಕ್ಕಿದ್ದಂತೆ ತಮ್ಮನ ಮನೆಯ ಕರೆಯೋಲೆ ಹೊರಬಂದರೆ ಅವಳು ಎಷ್ಟು ನಕ್ಕಾಳು. ಭಾನುವಾರ ಹೇಗೂ ಕುಂಕುಮ ಹಿಡಿದು ಹೋಗುವವನೇ ಇದ್ದೆ. ಇದು ಬರೀ ನಮ್ಮಿಬ್ಬರ ನಡುವಿನ ತಮಾಷೆ ಎಂದುಕೊಂಡೆ. ಕಡತಕ್ಕೆ ‘ಅಕ್ಕನಿಗೆ ತೊಟ್ಟಿಲ ಕರೆ’ ಎಂದು ಹೆಸರು ಕೊಟ್ಟು, ಅವಳ ಕಂಪ್ಯೂಟರನ್ನು ಇಲ್ಲಿಂದಲೇ ತೆರೆದು ಒತ್ತಿದೆ.

ಅಲ್ಲಿ ಚೀಟಿಯೊಂದು ಸಿಕ್ಕಿಕೊಂಡಿತ್ತು. ಸಾಲಿನಲ್ಲಿ ಅವಳ ಶೇಂಗಾ ಹಿಂಡಿಯ ಹಾಳೆ ಮುಂದೆ ನಿಂತಿತ್ತು, ಪಕ್ಕದಲ್ಲಿ ದೋಷವೆಂದು ಬರೆದಿತ್ತು. ಅದರ ಹಿಂದೆ ನನ್ನ ಕರೆಯೋಲೆ ಹೋಗಿ ನಿಂತಿತು. ಮಾಮಾ ಕಲಬುರಗಿಗೆ ಹೋಗಿರಬೇಕು, ಅಕ್ಕ ಕೆಲಸ ನಿಲ್ಲಿಸಿ ಎದ್ದಿರಬೇಕು, ಪರದೆಯ ಮುಂದೆ ಯಾರೂ ಇದ್ದಂತೆ ಕಾಣಲಿಲ್ಲ. ನಾನು ಮತ್ತೊಮ್ಮೆ ಒತ್ತಿದೆ. ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಬೈಯುತ್ತಿದ್ದೆ. ಸಾಲಿನಲ್ಲಿ ಒಂದರ ಕೆಳಗೊಂದು ತೊಟ್ಟಿಲ ಕರೆಗಳು ಬೆಳೆಯುತ್ತಿದ್ದವು, ಅಷ್ಟರಲ್ಲಿ ಆಳಂದದಲ್ಲಿ ಕರೆಂಟ್ ಹೋಯಿತೋ ಏನೋ, ಅವಳ ಪರದೆ ಕಪ್ಪಾಯಿತು. ಆ ಸಿಕ್ಕ ಚೀಟಿ ಬಿಡಿಸಿದಾಗ ತಾನೇ ಬರುತ್ತದೆ ಬಿಡು ಎಂದು ನಾನೂ ಎದ್ದೆ.

ಮರುದಿನ ಶಾಲೆಯಿಂದ ಬಂದು ನೋಡಿದಾಗ ಅವಳ ಸಾಲು ಖಾಲಿಯಿತ್ತು. ಬಂದಿದೆ, ಅಕ್ಕ ಓದಿದ್ದಾಳೆ ಎಂದು ಖುಷಿಯಾಯಿತು. ಇನ್ನೇನು ಫೋನ್ ಮಾಡಿ ನಗುತ್ತಾಳೆ ಎಂದು ಕಾದೆ. ಫೋನು ಬರಲಿಲ್ಲ. ಮಾಮಾ ಅಲ್ಲೇ ಇರಬಹುದು, ಪ್ರಿಂಟರ್ ಕೆಡದೆ ಹೇಗೆ ಫೋನ್ ಮಾಡುತ್ತಾಳೆ ಎಂದುಕೊಂಡೆ. ಭಾನುವಾರ ಬಂದಾಗ, ಕೂಸಿನ ಮುಖ ನೋಡಿ ಬಹಳ ದಿನವಾಯಿತೆಂದು ಮನಸ್ಸು ಅಫಜಲಪುರದ ಕಡೆ ಎಳೆಯಿತು. ಆಳಂದ ಒಂದು ದಿಕ್ಕು, ಅಫಜಲಪುರ ಒಂದು ದಿಕ್ಕು, ಒಂದೇ ದಿನ ಎರಡೂ ಆಗುವ ಮಾತಲ್ಲ. ಅಕ್ಕನಿಗೆ ಹೇಗೂ ಕರೆ ಮುಟ್ಟಿದೆಯಲ್ಲ ಎಂದೆ. ಕಾಕಿ ಭರಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ಮನಿಮಗಳನ್ನ ಹಿಂಗ ಕರಿಯೂದಲ್ಲೋ’ ಎಂದಳು. ಕಾಲ ಬದಲಾಗಿದೆ ಎಂದು ಏನೋ ಹೇಳಿ ಬಸ್ಸು ಹತ್ತಿದೆ. ಹವಳಗಾದ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡದೆ ಸಾಗುತ್ತಿದ್ದವು. ಅವುಗಳ ಹಿಂದೆ ಬಸ್ಸು ತೆವಳುವಾಗಲೂ ನನಗೆ ಅಳುಕೆನ್ನುವುದು ಇರಲಿಲ್ಲ.

ತೊಟ್ಟಿಲಿನ ದಿನ ಬೆಳಗಿನಿಂದ ಬಾಗಿಲಲ್ಲೇ ನಿಂತಿದ್ದೆ. ಆಳಂದದ ಕಡೆಯಿಂದ ಯಾವ ಜೀಪು ತಿರುಗಿದರೂ ಅಕ್ಕನದೇ ಎನ್ನಿಸುತ್ತಿತ್ತು. ಹೊತ್ತು ಏರಿತು. ಹೆಂಡತಿಯ ತಂದೆ ಎರಡು ಸಲ ಬಂದು, ನಿಮ್ಮ ಅಕ್ಕಾರು ಎಲ್ಲಿ ಎಂದು ಮೆಲ್ಲಗೆ ಕೇಳಿದರು. ಒಳಗೆ ಹೆಂಗಸರ ಜೋಗುಳ ಒಂದು ಸುತ್ತು ಮುಗಿದು ಮತ್ತೊಂದು ಸುತ್ತು ಶುರುವಾಯಿತು. ಇನ್ನು ಕಾಯುವುದು ಸರಿಯಲ್ಲವೆಂದು ಕೊನೆಗೆ ಕಾಕಿಯ ಮಗಳನ್ನು ಮುಂದೆ ಮಾಡಿದರು. ಅವಳೂ ನನಗೆ ತಂಗಿಯೇ. ಅವಳು ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದಳು, ಹೆಂಗಸರು ಗುದ್ದಿದರು, ಎಲ್ಲರೂ ನಕ್ಕರು. ನನ್ನ ಮಗಳಿಗೆ ಹೆಸರಾಯಿತು. ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ, ಆ ಗಳಿಗೆಯಲ್ಲಿ ಕೂಸಿನ ಮುಖವನ್ನೂ ನೋಡಲಿಲ್ಲ.

ಊಟ ಎದ್ದ ಮೇಲೆ ಮನೆಯ ಹಿಂದೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದ್ದು ಮಾಮಾ. ಮದುವೆಗಿಂತ ಮೊದಲು ನನ್ನನ್ನು ಲೇ ತಮ್ಮಾ ಎಂದು ಕರೆಯುತ್ತಿದ್ದವರು ಅವರು. ಸಿಟ್ಟು ಮಾಡಿದ್ದರೆ, ಬೈದಿದ್ದರೆ ನಾನು ಇಷ್ಟು ಕುಗ್ಗುತ್ತಿರಲಿಲ್ಲ. ಹೊರಗಿನವರ ಜೊತೆ ಮಾತಾಡುವಂತೆ ಬಹಳ ಮರ್ಯಾದೆಯಿಂದ ಮಾತಾಡಿದರು.

‘ನಮ್ಮನಿಗಿ ಯಾರೂ ಕರಿಯಾಕ ಬಂದಿಲ್ರಿ. ಮಷೀನ್ ಕರದಿತ್ತು. ಅದನ್ನ ಕಳಸಬೇಕಿತ್ತೇನ್ರಿ?’

ಫೋನು ಇಟ್ಟು ಒಳಗೆ ಬಂದೆ.

ಮುಂದಿನ ವಾರ ಕಾಕಿಯನ್ನು ಕರೆದುಕೊಂಡು ಆಳಂದಕ್ಕೆ ಹೋದೆ, ಭರಣಿ, ಸೀರೆ, ಶಾಲು ಎಲ್ಲವನ್ನೂ ಹೊತ್ತು. ಮುಗಿದ ಕಾರ್ಯಕ್ಕೆ ಕುಂಕುಮ ಹಚ್ಚಿ ಯಾವುದಕ್ಕೆ ಬರ್ರಿ ಎನ್ನುವುದು? ಕಾಕಿ ಭರಣಿಯನ್ನು ಸೆರಗಿನಲ್ಲೇ ಇಟ್ಟುಕೊಂಡಳು. ಮಾಮಾ ಕುರ್ಚಿ ಹಾಕಿಸಿದರು, ಚಾ ಕೊಡಿಸಿದರು, ಈ ಸಲ ಜೋಳ ಹೇಗಿದೆ ಎಂದು ಕಾಕಿಯ ಜೊತೆ ಮಾತಾಡಿದರು. ಶಾಲನ್ನು ನೋಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೆಲಸವಿದೆಯೆಂದು ಎದ್ದು ಹೊರಗೆ ಹೋದರು. ಆಗ ಅಕ್ಕ ನನ್ನನ್ನು ಕಂಪ್ಯೂಟರಿನ ಕೋಣೆಗೆ ಕರೆದಳು.

ಕರೆಯೋಲೆ ಬಂದ ದಿನ ನಡೆದದ್ದನ್ನು ಅವಳು ನಿಧಾನಕ್ಕೆ ಹೇಳಿದಳು. ಬೆಳಗ್ಗೆ ಮಾಮಾ ಹಿಂದೆ ನಿಂತಿದ್ದರು, ಮಾಲು ಹೋಗಬೇಕಿತ್ತು. ಅವಳು ಮುಚ್ಚಳ ತೆಗೆದು ರೋಲರಿಗೆ ಅಂಟಿದ ಚೀಟಿಯನ್ನು ಬಿಡಿಸಿದಳು. ನಾನು ಹೇಳಿಕೊಟ್ಟಂತೆ ಸ್ಪೂಲರ್ ನಿಲ್ಲಿಸಿದಳು. ಅದಕ್ಕೂ ಮೊದಲು ಸಾಲನ್ನು ಒಮ್ಮೆ ನೋಡಿದ್ದಳು. ಅಲ್ಲಿ ಅವಳ ಶೇಂಗಾ ಹಿಂಡಿಯ ಕೆಳಗೆ ‘ಅಕ್ಕನಿಗೆ ತೊಟ್ಟಿಲ ಕರೆ’ ಎಂಬುದು ಸಾಲಾಗಿ ನಿಂತಿತ್ತು.

‘ಅಳಸಬೇಕಂತ ನೀ ಕಲಿಸಿದ್ದಿ. ಗೊತ್ತಿತ್ತು ನಂಗ’ ಎಂದಳು ಅಕ್ಕ. ‘ತೊಟ್ಟಿಲ ಕರಿ ಅಂತ ಬರದಿದ್ದಿ. ಅದನ್ನ ಹೆಂಗ ಅಳಸಲಿ?’

ಅಳಿಸದೆ ಹಾಗೇ ಶುರುಮಾಡಿದಳು. ಪ್ರಿಂಟರಿನಲ್ಲಿದ್ದದ್ದು ಅಂಟಿನ ಹಾಳೆ. ಚೀಟಿಗಳ ಚೌಕಗಳ ಮೇಲೆಯೇ ನನ್ನ ಕರೆಯೋಲೆ ಅಚ್ಚಾಗಿ ಬಂತು. ತೊಟ್ಟಿಲು ಒಂದು ಚೌಕದಲ್ಲಿ, ದಿನ ಒಂದು ಚೌಕದಲ್ಲಿ, ಊರಿನ ಹೆಸರು ಅರ್ಧ ಇಲ್ಲಿ ಅರ್ಧ ಅಲ್ಲಿ. ಒಂದು ಬಂತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ರೊಟ್ಟಿಯ ಹೆಂಗಸರು ಬಡಿಯುವುದನ್ನು ನಿಲ್ಲಿಸಿ ನೋಡಿದರು. ಮಾಮಾ ಒಂದು ಹಾಳೆ ಎತ್ತಿಕೊಂಡು ಓದಿ, ಮತ್ತೆ ಅಲ್ಲೇ ಇಟ್ಟರಂತೆ. ಪೇಪರಿನ ಒಳಗೆ ಇಟ್ಟು ಮನೆಮನೆಗೆ ಎಸೆಯುವ ಜಾಹೀರಾತಿನ ಚೀಟಿ ಇಡುವ ಹಾಗೆ.

ಆಮೇಲೂ ಅವಳು ಕಾದಳು. ತಮ್ಮ ಬಂದೇ ಬರುತ್ತಾನೆ, ಇದು ಬರೀ ಚೇಷ್ಟೆ ಎಂದು ಗಂಡನಿಗೆ ಹೇಳಿದಳು. ಭಾನುವಾರ ಇಡೀ ದಿನ ಅವಳ ಕಣ್ಣು ಬಾಗಿಲ ಮೇಲೆಯೇ ಇತ್ತು. ಫೋನ್ ಮಾಡಿ ನನಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ನನ್ನನ್ನು ಕರೆಯಲು ಬಾ ಎಂದು ಯಾವ ಮನೆಮಗಳು ತಾನಾಗಿಯೇ ತವರಿಗೆ ಹೇಳಿಯಾಳು?

‘ನಿಮ್ಮ ಮಾಮಾ ಬಿಳಿ ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ರು’ ಎಂದಳು. ‘ಕರಿಯಾಕ ಬರ್ತಾರ, ಆಯೇರಿ ಮಾತು ಇಲ್ಲಿಗಿ ಬಿಟ್ಟುಬಿಡೂನು, ಕೂಸಿನ ಕಾರ್ಯ ಅದ ಅಂದಿದ್ರು. ನೀ ಹೊಸ್ತಿಲದಾಗ ನಿಂತು ಬರ್ರಿ ಅಂದಿದ್ರ ಸಾಕಿತ್ತು.’

ಇದನ್ನು ಕೇಳುವವರೆಗೆ ನಾನು ಮಾಮಾನ ಮೇಲೆ ಒಳಗೊಳಗೇ ಸಿಟ್ಟಾಗಿದ್ದೆ. ಒಂದು ಶಾಲಿನ ಸಲುವಾಗಿ ಇಷ್ಟು ವರ್ಷ ಮುನಿಯುವ ಮನುಷ್ಯ, ಒಂದು ಕಾಗದಕ್ಕೂ ಮುನಿಯದೆ ಬಿಟ್ಟಾನೆಯೇ ಎಂದುಕೊಂಡಿದ್ದೆ. ಅವರು ಮುನಿಸು ಬಿಟ್ಟು, ಇಸ್ತ್ರಿ ಅಂಗಿ ಗೂಟಕ್ಕೆ ನೇತುಹಾಕಿ, ನನ್ನ ದಾರಿ ಕಾಯುತ್ತ ಕೂತಿದ್ದರು. ಆ ಅಂಗಿ ನನ್ನ ಕಣ್ಣಿನಿಂದ ಈಗಲೂ ಹೋಗಿಲ್ಲ.

ಹೊಲಿಗೆ ಯಂತ್ರದ ಮೇಲೆ ಖಣದ ಬಟ್ಟೆಯಲ್ಲಿ ಹೊಲಿದ ಕುಂಚಿಗಿ ಇತ್ತು. ಅಂಚಿಗೆ ಸಣ್ಣ ಸಣ್ಣ ಗೆಜ್ಜೆ ಹಚ್ಚಿದ್ದಳು. ಕೊಡು, ಒಯ್ದು ಕೂಸಿಗೆ ಹಾಕುತ್ತೇನೆ ಎಂದೆ. ಕೊಡಲಿಲ್ಲ. ಅದು ತಾನೇ ತನ್ನ ಕೈಯಿಂದ ಹಾಕಬೇಕಾದದ್ದು, ಒಯ್ದು ಕೊಡುವಂಥದ್ದಲ್ಲ ಎಂದು ಮಡಚಿ ಟ್ರಂಕಿನಲ್ಲಿ ಇಟ್ಟಳು. ಸಿಟ್ಟಿನಿಂದ ಹೇಳಿದ್ದಲ್ಲ. ಹೊರಡುವಾಗ ಕಾಕಿಯ ಚೀಲಕ್ಕೆ ರೊಟ್ಟಿ ತುಂಬಿಕೊಟ್ಟಳು.

ಅಲ್ಲಿಂದ ಮುಂದೆ ಪ್ರಿಂಟರಿನ ಫೋನುಗಳೂ ನಿಂತವು. ನಾನು ಕಲಿಸಿದ್ದನ್ನೆಲ್ಲ ಅವಳು ಚೆನ್ನಾಗಿ ಕಲಿತಿದ್ದಳು, ಏನು ಕೆಟ್ಟರೂ ತಾನೇ ಸರಿಮಾಡಿಕೊಳ್ಳುತ್ತಿದ್ದಳು. ದೂರದಿಂದ ಅವಳ ಕಂಪ್ಯೂಟರ್ ತೆರೆಯುವ ತಂತ್ರಾಂಶವನ್ನು ಅವರ ಕಡೆ ತೆಗೆದುಹಾಕಿದ್ದರು. ನನ್ನ ಕಡೆ ಅದು ಹಾಗೇ ಇತ್ತು. ಒತ್ತಿದರೆ ಹುಡುಕುತ್ತಿದ್ದೇನೆ ಎಂದು ಚಕ್ರ ತಿರುಗಿಸಿ, ಕೊನೆಗೆ ಸಿಗಲಿಲ್ಲ ಎನ್ನುತ್ತಿತ್ತು. ಉಣ್ಣುವ ಹೊತ್ತಿಗೆ ಫೋನು ಬಂದಾಗಲೆಲ್ಲ ತುತ್ತು ಬಿಟ್ಟು ಏಳುತ್ತಿದ್ದೆ. ಬೇರೆ ಯಾರದೋ ಆಗಿರುತ್ತಿತ್ತು. ಬಂದ್ ಮಾಡಿ ಚಾಲೂ ಮಾಡ್ರಿ ಎಂದು ಹೇಳಿ ಇಡುತ್ತಿದ್ದೆ.

ಮಗಳು ತೆವಳಿದಳು, ನಡೆದಳು, ಮಾತು ಕಲಿತಳು. ಅವಳ ಫೋಟೋಗಳನ್ನು ನಾನು ಅಕ್ಕನ ಫೋನಿಗೆ ಕಳಿಸುತ್ತಿದ್ದೆ. ನೋಡಿದ ಗುರುತು ಕಾಣುತ್ತಿತ್ತು, ಅಷ್ಟೆ. ಮಗಳು ಬಾಲವಾಡಿಗೆ ಹೋಗಲು ಶುರುಮಾಡಿದ ವರ್ಷ, ಒಂದು ಮಧ್ಯಾಹ್ನ ಆಳಂದದಿಂದ ಫೋನು ಬಂತು. ಮಾಮಾ ಮಾತಾಡಿದರು.

‘ಪ್ರಿಂಟರ್ ಹೊಸಾದು ತಂದೇವಿ. ನಿಮ್ಮ ಅಕ್ಕನ ಕೈಲೆ ಆಗವಲ್ದು. ಬಂದು ಹಚ್ಚಿಕೊಟ್ಟು ಹೋಗು. ಹುಡುಗಿನ್ನೂ ಕರ್ಕೊಂಡು ಬಾ.’

ಅಕ್ಕನ ಕೈಯಲ್ಲಿ ಆಗುತ್ತಿಲ್ಲ ಎಂಬುದನ್ನು ನಾನು ನಂಬಲಿಲ್ಲ. ಹೋಗು ಎಂದರಲ್ಲ, ಬಾ ಎಂದರಲ್ಲ, ಹೋಗ್ರಿ ಬರ್ರಿ ಎನ್ನಲಿಲ್ಲವಲ್ಲ, ನನಗೆ ಅಷ್ಟು ಸಾಕಾಗಿತ್ತು. ಮರುದಿನವೇ ಮಗಳನ್ನು ಕರೆದುಕೊಂಡು ಹೊರಟೆ. ಕಲಬುರಗಿಯಲ್ಲಿ ಬಸ್ಸು ಬದಲಿಸುವಾಗಲೂ, ದಾರಿಯುದ್ದಕ್ಕೂ ಅವಳಿಗೆ ಹೇಳುತ್ತಿದ್ದೆ: ಅತ್ತಿಯ ಮನೆಗೆ ಹೋಗುತ್ತಿದ್ದೇವೆ, ನಿನ್ನ ಸ್ವಂತ ಅತ್ತಿ. ಯಾವ ಅತ್ತಿ ಎಂದು ಅವಳು ಕೇಳುತ್ತಲೇ ಇದ್ದಳು.

ರೊಟ್ಟಿಯ ಹೆಂಗಸರಿಗೆ ಅಂದು ರಜೆ. ಹೊಸ ಪ್ರಿಂಟರನ್ನು ಪೆಟ್ಟಿಗೆಯಿಂದ ತೆಗೆದಿರಲೂ ಇಲ್ಲ. ನಾನು ತೆಗೆದು ಜೋಡಿಸಿದೆ, ಒಂದು ಹಾಳೆ ಹಾಕಿ ಒಂದೇ ಸಲ ಒತ್ತಿದೆ, ಸರಳವಾಗಿ ಬಂತು. ಮಾಮಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಛಲೋ ಬಂತಲ್ಲ ಎಂದರು. ನಾನು ಹೌದ್ರಿ ಮಾಮಾ ಎಂದೆ. ಅಷ್ಟು ವರ್ಷಗಳ ಮೇಲೆ ನಮ್ಮಿಬ್ಬರ ನಡುವೆ ಮುಖಾಮುಖಿ ನಡೆದ ಮಾತು ಅಷ್ಟೇ. ರೊಟ್ಟಿ ಡಬ್ಬಿಯ ಮುಚ್ಚಳದ ಮೇಲೆ ಬಣ್ಣ ಮಾಸಿದ ಒಂದು ಚೀಟಿ ಅಂಟಿತ್ತು. ಹತ್ತಿರ ಹೋಗಿ ನೋಡಿದರೆ ನಾನು ಹಾಕಿದ್ದ ತೊಟ್ಟಿಲಿನ ಚಿತ್ರ. ಯಾರು ಅಂಟಿಸಿದರೆಂದು ನಾನು ಕೇಳಲಿಲ್ಲ.

ಅಕ್ಕ ಒಳಗಿನಿಂದ ಟ್ರಂಕು ತೆಗೆದು ಕುಂಚಿಗಿ ತಂದಳು. ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ತಲೆಗೆ ಹಾಕಿ ನೋಡಿದಳು. ನೆತ್ತಿಯ ಮೇಲೆ ಕೂತಿತು, ಕಿವಿಯವರೆಗೂ ಇಳಿಯಲಿಲ್ಲ. ಗೆಜ್ಜೆ ಸದ್ದಾದದ್ದಕ್ಕೆ ಮಗಳು ನಕ್ಕಳು. ಅಕ್ಕ ಅದನ್ನು ಹಾಗೇ ಒಂದು ಕೈಯಿಂದ ಹಿಡಿದುಕೊಂಡು, ಅವಳ ಕಿವಿಯ ಹತ್ತಿರ ಬಗ್ಗಿ, ‘ಕುರ್ರ್’ ಎಂದು ಹೆಸರು ಹೇಳಿದಳು.

ಮಗಳು ಕಚಗುಳಿಯಾದಂತೆ ಕತ್ತು ಕುಗ್ಗಿಸಿದಳು. ‘ನಂಗ ಗೊತ್ತದ’ ಎಂದಳು.

‘ಹೌದವ್ವ. ನಿಂಗ ಗೊತ್ತದ’ ಎಂದಳು ಅಕ್ಕ. ಬಗ್ಗಿದವಳು ಕೂಡಲೇ ಏಳಲಿಲ್ಲ. ಅವಳ ಬೆನ್ನಿಗೆ ಗುದ್ದಲು ಅಲ್ಲಿ ಹೆಂಗಸರು ಯಾರೂ ಇರಲಿಲ್ಲ.